ಅಪ್‌ಡೇಟ್: ಮಗಳನ್ನು ಅಮೆರಿಕದಿಂದ ಜರ್ಮನಿಗೆ ಓದಲು ಕಳಿಸುವ ವಿಚಾರ

ಜರ್ಮನ್ ಒಂದಕ್ಷರ ಬಾರದ ಮಗಳು ಇಲ್ಲಿನ ಹೈಸ್ಕೂಲಿನಿಂದ ಒಂದು ವರ್ಷ ಜರ್ಮನಿಗೆ ಹೋಗಬಹುದಾ, ಖರ್ಚು ಹೇಗೆ ಎಂದು ಕೇಳಿದ್ದೆ. ದಾರಿ ಸಿಕ್ಕಿತು, ಅರ್ಜಿ ನಿನ್ನೆ ಹೋಯಿತು!

ಟೆಕ್ಸಾಸಿನ ಅಕ್ಕ ಹೇಳಿದ 'ಕಾಂಗ್ರೆಸ್-ಬುಂಡೆಸ್ಟಾಗ್ ಯೂತ್ ಎಕ್ಸ್‌ಚೇಂಜ್' ನಮಗೆ ಸರಿಹೋಯಿತು. 1983ರಿಂದ ಅಮೆರಿಕದ ಸಂಸತ್ತು 'ಕಾಂಗ್ರೆಸ್' ಮತ್ತು ಜರ್ಮನಿಯ ಸಂಸತ್ತು 'ಬುಂಡೆಸ್ಟಾಗ್' ಸೇರಿ ನಡೆಸುತ್ತಿರುವ ವಿದ್ಯಾರ್ಥಿ ವಿನಿಮಯ ಇದು. ವಿಮಾನ, ಶಾಲೆ, ವಿಮೆ, ಅಲ್ಲಿನ ಒಂದು ಕುಟುಂಬದ ಜೊತೆ ವಾಸ ಎಲ್ಲ ಸ್ಕಾಲರ್‌ಶಿಪ್‌ನಲ್ಲೇ ಬರುತ್ತದೆ. ಕೈಖರ್ಚು ಮಾತ್ರ ನಮ್ಮದು. ಭಾಷೆ ಮೊದಲೇ ಬರಬೇಕಿಲ್ಲ, ಅಲ್ಲೇ ಕಲಿಸುತ್ತಾರೆ. ಅರ್ಜಿ ಹಾಕಲು ಅಮೆರಿಕದ ಪೌರತ್ವವೇ ಬೇಕಿಲ್ಲ, ಗ್ರೀನ್ ಕಾರ್ಡ್ ಇದ್ದರೂ ಸಾಕು ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ಜರ್ಮನಿಯ ಸ್ಕಾಲರ್‌ಶಿಪ್ ಸಂಸ್ಥೆ ಡಿಎಎಡಿ ನಮಗೆ ಆಗಲಿಲ್ಲ, ಅದು ಕಾಲೇಜಿನವರಿಗೆ. ಜರ್ಮನ್ ಭಾಷೆ ಕಲಿಸುವ ಗೋಥೆ ಇನ್‌ಸ್ಟಿಟ್ಯೂಟಿನ 'ಗ್ಯಾಪ್' ವಿನಿಮಯ ಚೆನ್ನಾಗಿದೆ, ಆದರೆ ಅದು ಶಾಲೆ-ಶಾಲೆಯ ನಡುವಿನದು, ಜರ್ಮನ್ ಕಲಿಯುವ ಮಕ್ಕಳಿಗೆ. ನಮ್ಮ ಶಾಲೆಯಲ್ಲಿ ಜರ್ಮನ್ ಪಾಠವೇ ಇಲ್ಲ.

ತುಂಬ ಹೊತ್ತು ಹಿಡಿದದ್ದು ಆತಿಥೇಯ ಮನೆಯವರಿಗೆ ಬರೆಯುವ ಪತ್ರ. ಮೊಟ್ಟೆನೂ ತಿನ್ನಲ್ಲ, ಬ್ರೆಡ್ಡು-ಚೀಸ್ ಆದರೆ ಖುಷಿ, ಉಪ್ಪಿಟ್ಟು ಮಾಡಿ ಬಡಿಸುತ್ತೇನೆ ಎಂದು ಅವಳೇ ಬರೆದಳು. ಅವರು ದುಡ್ಡು ತೆಗೆದುಕೊಳ್ಳದೆ ಮಕ್ಕಳನ್ನು ಇಟ್ಟುಕೊಳ್ಳುತ್ತಾರಂತೆ. ಎಂಥ ದೊಡ್ಡ ಮನಸ್ಸು ಅಲ್ವಾ!

ಸಂದರ್ಶನಕ್ಕೆ ಕರೆ ಬಂದರೆ ಇಲ್ಲೇ ತಿಳಿಸುತ್ತೇನೆ.