ಅಭ್ಯಾಸ ಬದಲಾಯಿಸುವ ಟ್ರೈನಿಂಗ್ ಎಲ್ಲರಿಗೂ ಒಗ್ಗುವಂತೆ ಮಾಡಿದವರು ಇದ್ದೀರಾ?

ತಲೆಮೇಲೆ_ಬಂತು:
ನಮಸ್ಕಾರ. ಆಫೀಸಿನವರಿಗೆಲ್ಲ ಅಭ್ಯಾಸಗಳ ಬಗ್ಗೆ ಟ್ರೈನಿಂಗ್ ಮಾಡುವ ಕೆಲಸ ನನ್ನ ತಲೆ ಮೇಲೆ ಬಂದಿದೆ. ಗಳಿಗೆಗೊಮ್ಮೆ ಮೇಲ್ ತೆರೆಯುವ ಚಟ, ಬಿಡುವಿಲ್ಲದೆ ಕೂತೇ ಇರುವುದು, ಕೆಲಸ ಇನ್ನೊಬ್ಬರಿಗೆ ಒಪ್ಪಿಸುವಾಗ ಏನೂ ಬರೆದಿಡದಿರುವುದು, ಇಂಥವನ್ನು ಬದಲಾಯಿಸಬೇಕಂತೆ. ಒಟ್ಟು 240 ಜನ. ಇಬ್ಬರಿಗೆ ಕಣ್ಣು ಕಾಣುವುದಿಲ್ಲ, ಒಬ್ಬರಿಗೆ ಕಿವಿ ಕೇಳುವುದಿಲ್ಲ, ಹೇಳಿಕೊಳ್ಳದವರು ಇನ್ನೆಷ್ಟು ಜನವೋ. ಕೈಯಲ್ಲಿರುವುದು ಏಳು ವಾರ. 45 ನಿಮಿಷದ ಒಂದೇ ಕೋರ್ಸ್ ಮಾಡಲಾ, ಐದೈದು ನಿಮಿಷದ ತುಣುಕು ಮಾಡಲಾ? ಮಾಡಿ ನೋಡಿದವರು ಹೇಳಿ, ಪ್ಲೀಸ್.

ಮೂರನೇ_ಟೇಕ್:
ನನ್ನ ಕಥೆ ಕೇಳಿ, ಆಮೇಲೆ ಮೈಕ್ ಮುಟ್ಟಿ. ನಾನು ಮಾಡಿದ್ದು 38 ನಿಮಿಷದ ವಿಡಿಯೋ. ರೆಕಾರ್ಡ್ ಮಾಡಲು ಎರಡು ದಿನ ಹಿಡಿಯಿತು. ಸಂಜೆ ಕಣ್ಣು ಮುಚ್ಚಿ ಕೂತು ಕೇಳಿದರೆ 'ಇಲ್ಲಿ ನೋಡಿ', 'ಈ ಬಾಣ ಎಲ್ಲಿಗೆ ಹೋಯ್ತು ನೋಡಿ', 'ಕೆಂಪಿನಲ್ಲಿರೋದು ಬಿಡಬೇಕಾದ್ದು, ಹಸಿರಿನಲ್ಲಿರೋದು ಹಿಡೀಬೇಕಾದ್ದು'. ಎಣಿಸಿದೆ, 31 ಕಡೆ. ಪರದೆ ಕಾಣದವರಿಗೆ ಇದರಿಂದ ಏನು ತಿಳಿಯಬೇಕು? ಕೆಂಪು ಹಸಿರಿನ ವ್ಯತ್ಯಾಸ ಕಾಣದವರೂ ನಮ್ಮಲ್ಲಿ ಇಬ್ಬರಿದ್ದರು, ಅದು ಗೊತ್ತಾಗಿದ್ದು ಆಮೇಲೆ. ಸ್ಕ್ರಿಪ್ಟ್ ಪೂರ್ತಿ ತಿದ್ದಿ ಎರಡನೇ ಸಲ ರೆಕಾರ್ಡ್. ಮತ್ತೆರಡು ದಿನ. ಆಗ ಮೇಲಿನವರೊಬ್ಬರು ಬಂದು 'ಸ್ವಲ್ಪ ಸ್ಪೀಡ್ ಜಾಸ್ತಿ ಆಯ್ತು' ಎಂದರು. ಮೂರನೇ ಸಲ.

ಇನ್ನು ಕ್ಯಾಪ್ಶನ್. ಸಾಫ್ಟ್‌ವೇರ್ ತಾನಾಗೇ ಹಾಕುತ್ತದೆ ಎಂದು ನಂಬಿದ್ದೆ. 'ಸಣ್ಣ ಅಭ್ಯಾಸದಿಂದ ಶುರು ಮಾಡಿ' ಎಂದು ನಾನು ಹೇಳಿದ್ದು 'ಸಣ್ಣ ಆಭಾಸದಿಂದ ಶುರು ಮಾಡಿ' ಎಂದು ಬಂತು. ಒಂದು ಕಡೆ ಅಲ್ಲ, ಸಿಕ್ಕಸಿಕ್ಕಲ್ಲಿ. 'ದಿನಾ ಒಂದೇ ಹೊತ್ತಿಗೆ ಆಭಾಸ ಮಾಡಿ' ಅಂತೆ. ತಿದ್ದಲು 11 ಗಂಟೆ. ಆ 11 ಗಂಟೆ ಯಾರ ಲೆಕ್ಕದಲ್ಲೂ ಇರಲಿಲ್ಲ. ನನ್ನ ಎರಡು ಭಾನುವಾರ ಹೋದವು.

ಸರಪಳಿ_21:
ಸುಮ್ನೆ ಹೆದರಿಸಬೇಡಿ. ನಾನು ವಿಡಿಯೋ ಗೋಜಿಗೇ ಹೋಗಲಿಲ್ಲ. 21 ದಿನದ ಚಾಲೆಂಜ್ ಇಟ್ಟೆ. ದಿನಾ ಒಂದು ಟಿಕ್. ತಪ್ಪದೆ ಮಾಡಿದವರ ಹೆಸರು ಬೋರ್ಡಿನಲ್ಲಿ ಮೇಲೆ, ತಪ್ಪಿಸಿದವರದ್ದು ಕೆಳಗೆ. 130 ಜನರಲ್ಲಿ 97 ಜನ ಮುಗಿಸಿದರು. ಇಷ್ಟು ಜನ ಮುಗಿಸಿದ ಟ್ರೈನಿಂಗ್ ನಮ್ಮಲ್ಲಿ ಅದಕ್ಕೂ ಮುಂಚೆ ಆಗಿಲ್ಲ, ಆಮೇಲೂ ಆಗಿಲ್ಲ.

ಹದಿನಾರನೇ_ದಿನ:
ಅಂಥ ಬೋರ್ಡಿನ ತಳದಲ್ಲಿದ್ದವಳು ನಾನು. ನಿಮ್ಮ ಆಫೀಸಲ್ಲ, ಆದರೆ ಚಾಲೆಂಜ್ ಇದೇ ಥರದ್ದು. ಗಂಟೆಗೊಮ್ಮೆ ಎದ್ದು ಎರಡು ನಿಮಿಷ ನಡೆಯಬೇಕು. ನನಗೆ ಕೀಲುನೋವಿನ ಕಾಯಿಲೆ. ಹಾಗಿದ್ದೂ 15 ದಿನ ಬಿಡದೆ ಮಾಡಿದೆ. 16ನೇ ದಿನ ಬೆಳಗ್ಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. ಎರಡು ದಿನ ರಜೆ. ವಾಪಸ್ ಬಂದು ತೆರೆದರೆ ಸೊನ್ನೆ. 15 ಹೋಗಿ ಸೊನ್ನೆ. ಹೆಸರಿನ ಪಕ್ಕ ಕಡಿದುಹೋದ ಸರಪಳಿಯ ಚಿತ್ರ ಬೇರೆ. ಲಿಫ್ಟಿನಲ್ಲಿ ಮೂರು ಜನ 'ಏನ್ರೀ, ಬಿಟ್ಟೇಬಿಟ್ರಾ?' ಎಂದು ಕೇಳಿದರು. ಕಾಯಿಲೆ ವಿಷಯ ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅವತ್ತು ಹೇಳಬೇಕಾಯಿತು.

21 ದಿನಕ್ಕೆ ಅಭ್ಯಾಸ ಕೂರುತ್ತದೆ ಎನ್ನುವುದಕ್ಕೂ ಬುಡ ಇಲ್ಲ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್, ಆಪರೇಷನ್ ಆದವರು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಎಂದರೂ ಸುಮಾರು 21 ದಿನ ಬೇಕು ಎಂದು 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ಬರುವಷ್ಟರಲ್ಲಿ 'ಕಡಿಮೆ ಎಂದರೂ' ಉದುರಿಹೋಯಿತು. ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು ಲಂಡನ್ನಿನಲ್ಲಿ 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ್ದನ್ನು ಓದಿ. ಅಭ್ಯಾಸ ತಾನಾಗೇ ಬರುವಷ್ಟು ರೂಢಿಯಾಗಲು ನಡುವಿನ ಲೆಕ್ಕ 66 ದಿನ. ಕಡಿಮೆ 18, ಜಾಸ್ತಿ 254. ಒಂದು ದಿನ ತಪ್ಪಿದರೆ ಅಂಥದ್ದೇನೂ ಹಾಳಾಗುವುದಿಲ್ಲ ಎಂದೂ ಅಲ್ಲೇ ಇದೆ. ಸೊನ್ನೆಗೆ ಇಳಿಸಿ ಎಂದು ಯಾರು ಹೇಳಿದ್ದು?

ಅಂಕಿ_ಸಂಕಟ:
ಒಂದು ತಿದ್ದುಪಡಿ. ಆ ಅಧ್ಯಯನ ನಡೆದಿದ್ದೇ 84 ದಿನ. 254 ದಿನ ಯಾರೂ ಕಾದು ನೋಡಿಲ್ಲ. ಗ್ರಾಫಿನ ಗೆರೆ ಮುಂದಕ್ಕೆ ಎಳೆದು ತೆಗೆದ ಅಂದಾಜು ಅದು. ಗೆರೆ ಚೆನ್ನಾಗಿ ಕೂತಿದ್ದು ಬರೀ 39 ಜನರಿಗೆ. 21 ಎನ್ನುವವರನ್ನು ನಗುತ್ತಾ 66 ಅನ್ನು ಮಂತ್ರ ಮಾಡಿಕೊಳ್ಳಬೇಡಿ.

ಸರಪಳಿ_21:
ಅಲ್ವಾ ಮತ್ತೆ! ಮೇಡಂ, ನಿಮಗೆ ಆಗಿದ್ದಕ್ಕೆ ಬೇಜಾರಿದೆ. ಆದರೆ ಒಬ್ಬರಿಗೋಸ್ಕರ 97 ಜನರ ಹುರುಪಿಗೆ ತಣ್ಣೀರು ಎರಚಲಾ?

ಹದಿನಾರನೇ_ದಿನ:
ಉಳಿದ 33 ಜನ ಯಾಕೆ ಬಿಟ್ಟರು ಎಂದು ಕೇಳಿದ್ರಾ?

ಸರಪಳಿ_21:
ಹೆಸರು ಹಾಕದ ಫಾರ್ಮ್ ಕಳಿಸಿದ್ದೆ. ನಾಲ್ಕು ಜನ ತುಂಬಿದರು. ನಾನೇನು ಮನೆಮನೆಗೆ ಹೋಗಲಾ?

ಬಟನ್_ಬಟನ್:
ನಾನು ಎನ್‌ವಿಡಿಎ ಬಳಸುವವನು, ಪರದೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್. ನಮ್ಮಲ್ಲೂ ಅಭ್ಯಾಸಗಳ ಕೋರ್ಸ್ ಬಂತು. ತೆರೆದ ತಕ್ಷಣ ನನ್ನ ಕಿವಿಗೆ ಬಿದ್ದಿದ್ದು ಇಷ್ಟು: 'ಬಟನ್. ಬಟನ್. ಬಟನ್. ಗ್ರಾಫಿಕ್. ಬಟನ್.' ಯಾವುದು ಮುಂದೆ, ಯಾವುದು ಹಿಂದೆ, ದೇವರೇ ಬಲ್ಲ. ಐದನೆಯದನ್ನು ಒತ್ತಿದೆ, ಕೋರ್ಸ್ ಮುಚ್ಚಿಕೊಂಡಿತು. ಹೀಗೆ 40 ನಿಮಿಷ. ಆಮೇಲೆ ಒಂದು ಆಟ. ಅಭ್ಯಾಸಗಳ ಚೀಟಿಗಳನ್ನು ಎಳೆದು ಎರಡು ಬುಟ್ಟಿಗೆ ಹಾಕಬೇಕು, 60 ಸೆಕೆಂಡಿನಲ್ಲಿ. ಮೌಸ್ ಇಲ್ಲದೆ ಎಳೆಯಲು ಬರುವುದಿಲ್ಲ. ಟೈಮರ್ ಮಾತ್ರ ಸರಿಯಾಗಿ ಓದುತ್ತಿತ್ತು, ಸೆಕೆಂಡಿಗೊಮ್ಮೆ.

ದೂರು ಕೊಟ್ಟೆ. 'ಪಕ್ಕದಲ್ಲಿ ಒಬ್ಬರನ್ನ ಕೂರಿಸ್ತೀವಿ ಬಿಡಿ' ಎಂದರು. ಕೂತರು, ಒಳ್ಳೆ ಹುಡುಗ. ಮುಂದಿನ ಪ್ರಶ್ನೆ ಏನು ಗೊತ್ತಾ? 'ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡುತ್ತೀರಿ? ಒತ್ತಡ ಆದಾಗ ಯಾವ ಚಟಕ್ಕೆ ಬೀಳುತ್ತೀರಿ?' ಮಿಕ್ಕವರೆಲ್ಲ ಗುಟ್ಟಾಗಿ ಟೈಪ್ ಮಾಡಿದ್ದನ್ನು ನಾನು ಇನ್ನೂ ಮೂರು ತಿಂಗಳೂ ಪರಿಚಯ ಇಲ್ಲದ ಹುಡುಗನ ಮುಂದೆ ಬಾಯಿಬಿಟ್ಟು ಹೇಳಬೇಕು. ಎಂಟು ಗಂಟೆ ನಿದ್ದೆ, ಯಾವ ಚಟವೂ ಇಲ್ಲ ಎಂದೆ. ಅವನೂ ನಗದೆ ಬರೆದುಕೊಂಡ. ಬೆಂಕಿ ನಂದಿಸುವ ಟ್ರೈನಿಂಗ್ ಆಗಿದ್ದರೆ ಪಕ್ಕದವನಿಂದ ತೊಂದರೆ ಇರಲಿಲ್ಲ.

ಟೂಲ್_ತಮ್ಮ:
ಸರ್, ಇಂಥ ಕೋರ್ಸ್ ತಯಾರಿಸಲು ಬಳಸುವ ಟೂಲ್ ಮಾಡುವ ತಂಡದಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ. ಬಟನ್‌ಗೆ ಹೆಸರು ಹಾಕುವ ಜಾಗ ಟೂಲಿನಲ್ಲಿ ಇದ್ದೇ ಇರುತ್ತದೆ. ಕೋರ್ಸ್ ಮಾಡಿದವರು ಖಾಲಿ ಬಿಡುತ್ತಾರೆ. ಬೈಗುಳ ನಮಗೆ. ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟ್ 4.5:1 ಇರಲಿ ಎಂದು ಬರೆದು ಕೊಟ್ಟರೂ ತಿಳಿಬೂದು ಅಕ್ಷರವೇ ಚೆಂದ ಎಂದು ಹಟ ಹಿಡಿದವರನ್ನು ನೋಡಿದ್ದೇನೆ.

ಬಟನ್_ಬಟನ್:
ಎಳೆಯುವ ಆಟವನ್ನು ಮಾಡಿಟ್ಟವರು ಯಾರು? ಎಳೆಯದೆ ಬರೀ ಕ್ಲಿಕ್ಕಿನಲ್ಲಿ ಆಗುವಂತೆ ಇನ್ನೊಂದು ದಾರಿ ಇರಲಿ ಎಂದು, ವೆಬ್ ಎಲ್ಲರಿಗೂ ಒಗ್ಗುವಂತೆ ಮಾಡುವ ಮಾರ್ಗಸೂಚಿ ಡಬ್ಲ್ಯೂಸಿಎಜಿ 2.2ರಲ್ಲಿದೆ, ಅದು ಬಂದಿದ್ದು 2023ರ ಅಕ್ಟೋಬರಿನಲ್ಲಿ. ಕೀಬೋರ್ಡಿನಿಂದ ಎಲ್ಲವೂ ಆಗಬೇಕು ಎನ್ನುವುದಂತೂ 2008ರ 2.0ದಲ್ಲೇ ಇತ್ತು. ನಿಮ್ಮ ಪೆಟ್ಟಿಗೆ ಮೇಲೆ ಮಾತ್ರ 'ಪೂರ್ತಿ ಆಕ್ಸೆಸಿಬಲ್'.

ಟೂಲ್_ತಮ್ಮ:
ಪೆಟ್ಟಿಗೆ ಮೇಲೆ ಬರೆಯುವವರು ಮಾರಾಟದವರು, ನಾನಲ್ಲ.

ಮೃದುಮಾತು:
ಎಲ್ಲರಲ್ಲೂ ಒಂದು ವಿನಂತಿ. 'ಕಣ್ಣು ಕಾಣದವರು' ಎಂದು ಬರೆಯಬೇಡಿ. 'ವಿಶೇಷಚೇತನರು' ಎನ್ನಿ.

ಬಟನ್_ಬಟನ್:
ನನಗೆ ಕಣ್ಣು ಕಾಣುವುದಿಲ್ಲ, ಹಾಗೇ ಬರೆಯಿರಿ. ಹೆಸರಿಡುವ ಆಸೆ ಇದ್ದರೆ ಬಟನ್‌ಗಳಿಗೆ ಇಡಿ.

ಎರಡು_ಕುರ್ಚಿ:
ಜಗಳದ ನಡುವೆ ನನ್ನದೊಂದು. ನಮ್ಮದು ಎದುರಾಬದುರು ಕೂತು ಮಾಡಿದ ಟ್ರೈನಿಂಗ್, ಮೂರು ಗಂಟೆಯದ್ದು. ಕಿವಿ ಕೇಳದವರು ನಾಲ್ಕು ಜನ. ಸಂಜ್ಞೆ ಭಾಷೆಯ ಇಂಟರ್ಪ್ರಿಟರ್ ಒಬ್ಬರನ್ನು ಕರೆಸಿ ಬೀಗುತ್ತಿದ್ದೆ. ಅವರು ಬಂದವರೇ 'ಇನ್ನೊಬ್ಬರು ಎಲ್ಲಿ?' ಎಂದು ಕೇಳಿದರು. ಸುಮಾರು 20 ನಿಮಿಷಕ್ಕೊಮ್ಮೆ ಆಳು ಬದಲಾಗಬೇಕಂತೆ, ಇಲ್ಲದಿದ್ದರೆ ಕೈಯೂ ತಲೆಯೂ ಸೋಲುತ್ತವೆ. ಅವತ್ತಿನ ಟ್ರೈನಿಂಗ್ ರದ್ದು. 26 ಜನರ ಅರ್ಧ ದಿನ ವ್ಯರ್ಥ. ಒಂಬತ್ತು ದಿನ ಬಿಟ್ಟು ಇಬ್ಬರನ್ನು ಕರೆಸಿದೆ. ಶುರುವಾಗಿ ಹತ್ತು ನಿಮಿಷ ಆಗಿಲ್ಲ, ಟ್ರೈನರ್ ಮಹಾಶಯರು 'ಎಲ್ಲರೂ ಕಣ್ಣು ಮುಚ್ಚಿ, ನಾನು ಹೇಳಿದ ಹಾಗೆ ಉಸಿರಾಡಿ' ಎಂದರು. ನಾಲ್ಕೂ ಜನ ಕಣ್ಣು ಮುಚ್ಚಿದರು. ಇಂಟರ್ಪ್ರಿಟರ್ ಗಾಳಿಗೆ ಕೈ ಆಡಿಸುತ್ತಾ ನಿಂತರು. ಮಿಕ್ಕವರು ಕಣ್ಣು ಬಿಟ್ಟು ಎದ್ದು ಗುಂಪು ಮಾಡಿಕೊಂಡರೂ ಈ ನಾಲ್ವರು ಹಾಗೇ ಕೂತಿದ್ದರು.

ಆಮೇಲೆ 'ಹೀಗಾದರೆ ಹೀಗೆ ಮಾಡುತ್ತೇನೆ' ಎಂದು ಬರೆಯುವ ಅಭ್ಯಾಸ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ ಹೇಳಿದ ಇಫ್-ದೆನ್ ಪ್ಲಾನ್, ನಿಮಗೆ ಗೊತ್ತಿರುತ್ತದೆ. ಹಾಳೆಯಲ್ಲಿ ಮೊದಲೇ ಅಚ್ಚಾಗಿತ್ತು: 'ಶಿಫ್ಟ್ ಬೆಲ್ ಕೇಳಿಸಿದರೆ ಕೆಲಸದ ವಿವರ ಬರೆದಿಡುತ್ತೇನೆ.' ನಾಲ್ವರಲ್ಲಿ ಒಬ್ಬರು 'ಕೇಳಿಸಿದರೆ' ಮೇಲೆ ಗೀಟು ಹಾಕಿ, 'ಪಕ್ಕದವರು ಕೈಗವಸು ಬಿಚ್ಚಿದರೆ' ಎಂದು ಬರೆದುಕೊಟ್ಟರು. ಆ ಹಾಳೆ ಈಗಲೂ ನನ್ನ ಡ್ರಾಯರಿನಲ್ಲಿದೆ.

ಮೂರನೇ_ಟೇಕ್:
ಇದು ಇಷ್ಟ ಆಯ್ತು. ಆದರೆ ಲೈವ್ ಮಾಡಿದರೆ ಆಭಾಸ ತಪ್ಪುತ್ತದೆ ಎಂದುಕೊಂಡಿದ್ದೆ, ಅದೂ ಇಲ್ಲವಾಯಿತು.

ಸರಪಳಿ_21:
ನನ್ನ ಬೋರ್ಡಿಗೆ ಇಂಟರ್ಪ್ರಿಟರ್ ಬೇಕಿರಲಿಲ್ಲ, ನೆನಪಿರಲಿ.

ಅಂಕಿ_ಸಂಕಟ:
97 ಜನ ಟಿಕ್ ಹಾಕಿದರು, ಸರಿ. 22ನೇ ದಿನ ಎಷ್ಟು ಜನ ಮಾಡಿದರು?

ಸರಪಳಿ_21:
ಅಳೆಯಲಿಲ್ಲ. ನೀವು ಅಳೆದಿದ್ದೀರಾ, ಯಾವತ್ತಾದರೂ?

ಅಂಕಿ_ಸಂಕಟ:
ಇಲ್ಲ. ನಮ್ಮಲ್ಲಿ ಫೀಡ್‌ಬ್ಯಾಕ್ ಫಾರ್ಮ್ ಬಂದ ದಿನವೇ ಕೈ ತೊಳೆದುಕೊಂಡೆವು. ಅದಕ್ಕೇ ಕೇಳುತ್ತಿದ್ದೇನೆ.

ತಲೆಮೇಲೆ_ಬಂತು:
ಎಲ್ಲರಿಗೂ ಥ್ಯಾಂಕ್ಸ್. ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಪರವಾಗಿಲ್ಲ. ಬಟನ್ ಅವರೇ, ನಿಮ್ಮದನ್ನು ಓದಿ ನಮ್ಮ ಇಬ್ಬರ ಹತ್ತಿರ ನಿನ್ನೆ ಹೋಗಿ ಕೂತೆ. ಎಳೆಯುವ ಆಟ ನನ್ನ ಡ್ರಾಫ್ಟಿನಲ್ಲೂ ಇತ್ತು, ತೆಗೆದೆ. ದಿನದ ಲೆಕ್ಕ ಇಡುವುದಾದರೆ ಅವರವರಿಗೆ ಮಾತ್ರ ಕಾಣುವಂತೆ, 'ಇವತ್ತು ಆಗಲಿಲ್ಲ' ಎಂದು ಒತ್ತಿದರೂ ಎಣಿಕೆ ಉಳಿಯುವಂತೆ ಮಾಡುತ್ತಿದ್ದೇನೆ. 45 ನಿಮಿಷದ್ದೋ, ಐದೈದರದ್ದೋ, ಅದೊಂದು ಹೇಳಿ.

ಮೂರನೇ_ಟೇಕ್:
ಐದೈದು. ಮತ್ತೆ ರೆಕಾರ್ಡ್ ಮಾಡಬೇಕಾಗಿ ಬಂದಾಗ ಐದೇ ನಿಮಿಷದ್ದು ಮಾಡಿದರೆ ಸಾಕು. ಬಂದೇ ಬರುತ್ತದೆ.