ಅಪ್‌ಡೇಟ್: ಕುಡಿತ ಬಿಡ್ಸೋಕೆ ಅಡ್ಮಿಟ್ ಮಾಡಿದ್ದ ನಮ್ಮಣ್ಣ, ನರ್ಸ್‌ಗಳ ವರ್ತನೆ ವಿಷ್ಯ

ಹಿಂದೆ ಕೇಳಿದ್ನಲ್ಲ, ಹಾಸನದ ಒಂದು ಆಸ್ಪತ್ರೇಲಿ ಅಣ್ಣ ಕೈ ನಡುಗ್ತಿದೆ, ನಿದ್ದೆ ಬರ್ತಿಲ್ಲ ಅಂದ್ರೆ "ಕುಡಿಯೋವಾಗ ಗೊತ್ತಾಗ್ಲಿಲ್ವಾ" ಅಂತಾರೆ, ಕರೆದ್ರೂ ಬರಲ್ಲ, ಏನ್ ಮಾಡ್ಲಿ ಅಂತ. ನೀವೆಲ್ಲ ಹೇಳಿದ ಹಾಗೆ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಹತ್ರ ಮಾತಾಡ್ದೆ. ಕುಡಿತ ನಿಲ್ಸಿ 48ರಿಂದ 72 ಗಂಟೆ ಹೊತ್ತಿಗೆ ಡೆಲಿರಿಯಂ (ಬುದ್ಧಿ ಗಲಿಬಿಲಿ ಆಗಿ ಇಲ್ಲದ್ದೆಲ್ಲ ಕಾಣಿಸೋದು) ಬರಬಹುದು, ನಾಟಕ ಅಲ್ಲ, ಜೀವಕ್ಕೇ ಅಪಾಯ ಅಂತ ಅವ್ರೂ ಒಪ್ಪಿದ್ರು, ಆದ್ರೆ ನೈಟ್ ಡ್ಯೂಟೀಲಿ ಇಡೀ ವಾರ್ಡಿಗೆ ಒಬ್ರೇ ಅಂತೆ, ಅದೂ ನಿಜಾನೇ, ಪಾಪ.

ಆಮೇಲೆ ಡ್ಯೂಟಿಗೆ ಬಂದ ಇನ್ನೊಬ್ರು ಸಿಸ್ಟರ್ ಪಕ್ಕದಲ್ಲಿ ನಿಂತು "ಏನಾದ್ರೂ ಕಾಣಿಸ್ತಿದ್ಯಾ ಅಣ್ಣ, ಭಯ ಆಗ್ತಿದ್ಯಾ" ಅಂತ ಕೇಳಿ, ಬಿಪಿ ನೋಡಿ, ಗ್ಲೂಕೋಸ್‌ಗಿಂತ ಮುಂಚೆ ಥಯಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಯಾಕೆ ಅಂತಾನೂ ಬಿಡಿಸಿ ಹೇಳಿದ್ರು, ಮೆದುಳಿಗೆ ಪೆಟ್ಟಾಗದಿರ್ಲಿ ಅಂತ. ಅವತ್ತೇ ಅಣ್ಣ ದಿನಕ್ಕೆ ಎಷ್ಟು ಕುಡೀತಿದ್ದೆ ಅಂತ ನಿಜ ಹೇಳಿದ್ದು! ಬೈತಾರೆ ಅಂತ ಹೆದರಿ ಡಾಕ್ಟರಿಗೂ ಕಮ್ಮಿ ಹೇಳಿದ್ನಂತೆ, ಅದ್ರ ಮೇಲೆ ಮಾತ್ರೆ ಡೋಸೇ ಬದಲಾಯ್ತು. ಬೈದ್ರೆ ಪೇಷೆಂಟ್ ಮುಚ್ಚಿಡ್ತಾರೆ, ಟ್ರೀಟ್‌ಮೆಂಟೇ ತಪ್ಪೋಗತ್ತೆ, ಇದನ್ನ ಯಾಕೆ ಯಾರೂ ಯೋಚ್ನೆ ಮಾಡಲ್ಲ?

ಇನ್ನೊಂದು, 2017ರ ಮಾನಸಿಕ ಆರೋಗ್ಯ ಕಾಯ್ದೇಲಿ ಕುಡಿತ, ಡ್ರಗ್ಸ್ ಸಮಸ್ಯೆನೂ ಸೇರತ್ತೆ, ಭೇದ ಮಾಡೋ ಹಾಗಿಲ್ಲ.

ಈಗ ಮನೇಲಿದಾನೆ, ಫಾಲೋಅಪ್‌ಗೆ ತಾನೇ ಹೊರಡ್ತಾನೆ. ಕುಡಿತ, ಡ್ರಗ್ಸ್ ಬಿಡೋಕೆ ಹೆಲ್ಪ್‌ಲೈನ್ ಕೇಳಿದ್ದೋರಿಗೆ: 14446, ಫ್ರೀ.