ಸಹಾಯ ಬೇಕು: ಕಾಲಂ ಬೇರೆ ಮಾಡೋ ಆಪ್ಷನ್‌ಗೆ ಯಾವ ಅಕ್ಷರ ಇಡ್ಲಿ?

ಎಲ್ಲರಿಗೂ ನಮಸ್ಕಾರ, ದಾವಣಗೆರೆಯಿಂದ ಬರೀತಿದ್ದೀನಿ. ನಮ್ಮ ಮಾವನ ದಲ್ಲಾಳಿ ಅಂಗಡಿಯ ಮೆಕ್ಕೆಜೋಳದ ಲೆಕ್ಕದ ಫೈಲ್‌ಗಳಿಂದ ಬೇಕಾದ ಕಾಲಂ ತೆಗೆಯೋಕೆ ಪೈಥಾನ್‌ನಲ್ಲಿ ಒಂದು ಕಮಾಂಡ್‌ಲೈನ್ ಟೂಲ್ ಬರೆದಿದ್ದೀನಿ. ಅದರಲ್ಲಿ ಮೈನಸ್ ಡಿ (-d) ಆಪ್ಷನ್ ಅಂದ್ರೆ ದಿನಾಂಕ, ಪಕ್ಕದಲ್ಲಿ ಕೊಟ್ಟ ದಿನದ ಸಾಲುಗಳನ್ನಷ್ಟೇ ತೋರಿಸುತ್ತೆ.

ಮೊನ್ನೆ ಲೆಕ್ಕ ನೋಡೋ ಹುಡುಗ ಫೈಲಿಂದ ಕಾಲಂ ತೆಗೆಯೋ ಯೂನಿಕ್ಸ್‌ನ 'ಕಟ್' (cut) ಕಮಾಂಡಿನ ರೂಢಿಯಲ್ಲಿ (ಅಲ್ಲಿ ಡಿ ಅಂದ್ರೆ ಕಾಲಂ ಬೇರೆ ಮಾಡೋ ಚಿಹ್ನೆ) ಮೈನಸ್ ಡಿ ಕೊಟ್ಟು ಪಕ್ಕದಲ್ಲಿ ಅಲ್ಪವಿರಾಮ ಹಾಕಿದ. ಟೂಲ್ ಅದನ್ನೇ ದಿನಾಂಕ ಅಂದ್ಕೊಂಡು ಒಂದೂ ಸಾಲು ತೋರಿಸ್ಲಿಲ್ಲ, ಎರರ್ ಕೂಡ ಕೊಡ್ಲಿಲ್ಲ. ಮಾಲೇ ಬಂದಿಲ್ಲ ಅಂತ ಅವನು ಮಾವನಿಗೆ ಹೇಳಿಬಿಟ್ಟ. ತಪ್ಪು ಅವನದಲ್ಲ, ನಂದು.

ಹಳೇ ಟೂಲ್‌ಗಳ ಹಾಗೇ ಇಡೋಣ ಅಂತ ಮ್ಯಾನ್ ಪೇಜ್ (ಕಮಾಂಡ್‌ಗಳ ಕೈಪಿಡಿ) ತೆಗೆದ್ರೆ ಅವುಗಳಲ್ಲೇ ಹೊಂದಾಣಿಕೆ ಇಲ್ಲ. ಇದೇ ಚಿಹ್ನೆ ಹೇಳೋಕೆ ಕಟ್‌ಗೆ ಡಿ, ಸಾರ್ಟ್‌ಗೆ (sort) ಟಿ, ಆಕ್‌ಗೆ (awk) ದೊಡ್ಡ ಎಫ್. ಎಸ್ ಇಡೋಣ ಅಂದ್ರೆ ಕಟ್‌ನಲ್ಲಿ ಅದಕ್ಕೆ ಬೇರೆ ಅರ್ಥ. 'ಡಿಲಿಮಿಟರ್' (ಬೇರೆ ಮಾಡೋ ಚಿಹ್ನೆ) ಅಂತ ಉದ್ದದ ಹೆಸರೂ ಸೇರಿಸಿದೆ, ಅಂಗಡೀಲಿ ಯಾರೂ ಅಷ್ಟುದ್ದ ಟೈಪ್ ಮಾಡಲ್ಲ.

ನನ್ನ ಟೂಲಿನ ಕೆಲಸ ಕಟ್‌ಗೇ ಹತ್ತಿರ, ಹಾಗಾಗಿ ಡಿ ಸರಿ ಅನ್ಸುತ್ತೆ. ಆದ್ರೆ ದಿನಾ ರಾತ್ರಿ ಓಡೋ 3 ಶೆಲ್ ಸ್ಕ್ರಿಪ್ಟ್‌ಗಳಲ್ಲಿ ಡಿ ಅಂದ್ರೆ ದಿನಾಂಕ ಅಂತಲೇ ಇದೆ. ಈಗ್ಲೇ ಡಿ ಅರ್ಥ ಬದಲಿಸಿ ಸ್ಕ್ರಿಪ್ಟ್ ತಿದ್ದಲಾ, ಇಲ್ಲಾ ಡಿ ಮುಟ್ಟದೆ ಟಿ ಇಡಲಾ? ನೀವಾಗಿದ್ರೆ ಯಾವುದು ಮಾಡ್ತಿದ್ರಿ, ಯಾಕೆ?